ಕಾಳಿ ನದಿಯ ಎರಡು ದಡ: ಧಾರ್ಚೂಲಾ ಪೇಟೆಯಲ್ಲಿ ಒಂದು ಸುತ್ತು

ವ್ಯಾಪಾರಕ್ಕೆ ಗಡಿಯಿಲ್ಲವೆಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಆಗಾಗ ಕೇಳುತ್ತಿರುತ್ತೇವೆ. ಮಾತು ಕೇಳಲು ಹಿತವಾಗಿದೆ. ಆದರೆ ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ ಗಡಿಯ ಮೇಲೆಯೇ ಅಂಗಡಿ ಇಟ್ಟುಕೊಂಡವರ ಊರಿಗೆ ಹೋಗಬೇಕು. ಉತ್ತರಾಖಂಡದ ಪಿಥೌರಾಗಢ ಜಿಲ್ಲೆಯ ಧಾರ್ಚೂಲಾ ಅಂತಹ ಒಂದು ಪುಟ್ಟ ಪಟ್ಟಣ. ಊರಿನ ಅಂಚಿನಲ್ಲಿ ಕಾಳಿ ನದಿ ಹರಿಯುತ್ತದೆ. ನದಿಯ ಆಚೆಗೆ ಕಾಣುವ ಮನೆ, ಅಂಗಡಿ, ಶಾಲೆ, ಕಚೇರಿಗಳೆಲ್ಲ ನೇಪಾಳಕ್ಕೆ ಸೇರಿದವು. ಆ ದಡದ ಊರಿಗೂ ಹೆಚ್ಚುಕಡಿಮೆ ಅದೇ ಹೆಸರು: ದಾರ್ಚುಲಾ. ನೇಪಾಳದ ಸುದೂರಪಶ್ಚಿಮ ಪ್ರಾಂತ್ಯದ ದಾರ್ಚುಲಾ ಜಿಲ್ಲೆಯ ಕೇಂದ್ರವಾದ ಖಲಂಗಾ ಅಲ್ಲಿಯೇ ಇದೆ. ಈ ಎರಡು ಊರುಗಳ ನಡುವೆ ಇರುವುದು ಕಾಲ್ನಡಿಗೆಯ ಒಂದು ತೂಗುಸೇತುವೆ.

ಈ ಕಾಳಿ ನಮ್ಮ ಉತ್ತರ ಕನ್ನಡದ ಕಾಳಿಯಲ್ಲ. ಹಿಮಾಲಯದಲ್ಲಿ ಹುಟ್ಟಿ, ನೇಪಾಳದವರ ಬಾಯಲ್ಲಿ ಮಹಾಕಾಳಿಯಾಗಿ, ಬಯಲಿಗಿಳಿದ ಮೇಲೆ ಶಾರದಾ ಎಂಬ ಹೆಸರು ಪಡೆಯುವ ನದಿಯಿದು. ಆದರೂ ಕನ್ನಡಿಗರಿಗೆ ಧಾರ್ಚೂಲಾ ಅಪರಿಚಿತವೇನಲ್ಲ. ಲಿಪುಲೇಖ್ ಕಣಿವೆಯ ಮಾರ್ಗವಾಗಿ ಕೈಲಾಸ ಮಾನಸ ಸರೋವರ ಯಾತ್ರೆ ಮಾಡಿದ ಕರ್ನಾಟಕದ ಯಾತ್ರಿಕರು ಈ ಊರನ್ನು ಹಾದೇ ಹೋಗಿದ್ದಾರೆ. ಯಾತ್ರಿಕರಿಗೆ ಇದು ತಂಗುದಾಣ. ವ್ಯಾಪಾರಿಯ ಕಣ್ಣಿಗೆ ಇದೊಂದು ಪಾಠಶಾಲೆ.

ಊರಿಗೆ ಹೋಗುವ ದಾರಿ

ಬಯಲಿನ ರೈಲು ನಿಲ್ದಾಣವಾದ ಟನಕ್‌ಪುರದಿಂದ ಪಿಥೌರಾಗಢಕ್ಕೆ ಸುಮಾರು 150 ಕಿ.ಮೀ., ಅಲ್ಲಿಂದ ಧಾರ್ಚೂಲಾಕ್ಕೆ ಮತ್ತೆ ಸುಮಾರು 90 ಕಿ.ಮೀ. ಎಲ್ಲವೂ ಬೆಟ್ಟದ ದಾರಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸರಕಿನ ಲಾರಿ ಯಾವಾಗ ಊರು ಸೇರುವುದೆಂದು ಹೇಳುವಂತಿಲ್ಲ. ಸುತ್ತಲೂ ಎತ್ತರದ ಪರ್ವತಗಳಿದ್ದರೂ ಊರು ಇರುವುದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ, ಬೆಚ್ಚಗಿನ ಕಣಿವೆಯಲ್ಲಿ. ‘ಧಾರ್’ ಎಂದರೆ ಬೆಟ್ಟದ ಏಣು, ‘ಚೂಲಾ’ ಎಂದರೆ ಒಲೆ. ವ್ಯಾಸ ಮಹರ್ಷಿಗಳು ಸುತ್ತಲಿನ ಬೆಟ್ಟಗಳನ್ನೇ ಒಲೆಯ ಗುಂಡುಗಳನ್ನಾಗಿ ಮಾಡಿಕೊಂಡು ಅಡುಗೆ ಮಾಡಿದರೆಂಬುದು ಸ್ಥಳೀಯರು ಹೇಳುವ ಐತಿಹ್ಯ.

ಈ ಬೆಚ್ಚಗಿನ ಹವೆಯೇ ಊರನ್ನು ಪೇಟೆಯನ್ನಾಗಿ ಮಾಡಿತು. ಮೇಲಿನ ವ್ಯಾಂಸ್, ಚೌದಾಂಸ್, ದಾರ್ಮಾ ಕಣಿವೆಗಳಲ್ಲಿ ನೆಲೆಸಿರುವ ರಂಗ್ ಸಮುದಾಯದವರು ಬೇಸಿಗೆಯನ್ನು ಎತ್ತರದ ಹಳ್ಳಿಗಳಲ್ಲಿ ಕಳೆದು, ಚಳಿಗಾಲಕ್ಕೆ ಕುಟುಂಬ ಸಮೇತ ಕೆಳಗಿಳಿದು ಬರುವುದು ತಲೆಮಾರುಗಳ ಪದ್ಧತಿ. ಇಳಿಯುವಾಗ ಉಣ್ಣೆ, ಉಪ್ಪು, ಗಿಡಮೂಲಿಕೆ. ಹತ್ತುವಾಗ ಧಾನ್ಯ, ಬೆಲ್ಲ, ಬಟ್ಟೆ. ವ್ಯಾಂಸ್ ಕಣಿವೆಯ ಛಾಂಗ್ರು ಮತ್ತು ತಿಂಕರ್ ಎಂಬ ಹಳ್ಳಿಗಳು ನೇಪಾಳಕ್ಕೆ ಸೇರಿವೆ. ಅಲ್ಲಿನವರೂ ಇದೇ ಸಮುದಾಯದವರು. ಹೀಗಾಗಿ ಬೀಗತನ, ದೇವರು, ಭಾಷೆ, ಸಾಲ, ಸರಕು ಎಲ್ಲವೂ ನದಿಯ ಎರಡೂ ಕಡೆ ಹಬ್ಬಿಕೊಂಡಿವೆ.

ನದಿಯೇ ಗಡಿಯಾದ ಬಗೆ

ಇಲ್ಲಿ ಗಡಿಯನ್ನು ಗೆರೆ ಎಳೆದು ಮಾಡಿದವರು ಈ ಊರಿನವರಲ್ಲ. 1790ರಿಂದ ಕುಮಾವೂಂ ಪ್ರದೇಶ ಗೋರ್ಖರ ಆಳ್ವಿಕೆಯಲ್ಲಿತ್ತು. 1814ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಯುದ್ಧ ನಡೆಯಿತು. 1815ರ ಡಿಸೆಂಬರ್‌ನಲ್ಲಿ ಸಹಿಯಾಗಿ 1816ರ ಮಾರ್ಚ್‌ನಲ್ಲಿ ಅನುಮೋದನೆಗೊಂಡ ಸುಗೌಲಿ ಒಪ್ಪಂದದಲ್ಲಿ ಕಾಳಿ ನದಿಯ ಪಶ್ಚಿಮಕ್ಕಿರುವ ಪ್ರದೇಶಗಳ ಮೇಲಿನ ಹಕ್ಕನ್ನು ನೇಪಾಳ ಬಿಟ್ಟುಕೊಟ್ಟಿತು. ಒಂದೇ ಕಣಿವೆಯ ಎರಡು ದಡಗಳು ಎರಡು ರಾಜ್ಯಗಳಾದವು.

ಸ್ವತಂತ್ರ ಭಾರತ 1950ರ ಜುಲೈ 31ರಂದು ನೇಪಾಳದೊಡನೆ ಶಾಂತಿ ಮತ್ತು ಮೈತ್ರಿ ಒಪ್ಪಂದ ಮಾಡಿಕೊಂಡಿತು. ಉಭಯ ದೇಶಗಳ ಪ್ರಜೆಗಳು ವೀಸಾ ಇಲ್ಲದೆ ಗಡಿ ದಾಟುವ ಪದ್ಧತಿ ನೆಲೆನಿಂತಿತು. ಆದುದರಿಂದ ಧಾರ್ಚೂಲಾದ ಸೇತುವೆಯ ಮೇಲೆ ದಿನನಿತ್ಯ ಹೆಂಗಸರು, ವಿದ್ಯಾರ್ಥಿಗಳು, ಕೂಲಿಗಳು, ರೋಗಿಗಳು ನಡೆದು ಹೋಗುತ್ತಾರೆ. ಭಾರತದ ಕಡೆ ಸಶಸ್ತ್ರ ಸೀಮಾ ಬಲದ ಕಾವಲಿದೆ. ಸಂಜೆಯಾಯಿತೆಂದರೆ ಬಾಗಿಲು ಮುಚ್ಚುತ್ತದೆ. ಊರಿನ ಗಿರಾಕಿಗಳಲ್ಲಿ ಒಂದು ದೊಡ್ಡ ಪಾಲು ಸಂಜೆಯೊಳಗೆ ಮನೆ ಸೇರಬೇಕಾದವರೆಂಬುದನ್ನು ಇಲ್ಲಿಯ ಪ್ರತಿಯೊಬ್ಬ ಅಂಗಡಿಕಾರನೂ ಬಲ್ಲ.

ಸೇತುವೆ ದಾಟಿದರೆ ಬದಲಾಗುವುದೇನು?

ಸೇತುವೆ ದಾಟಲು ಕೆಲವು ನಿಮಿಷ ಸಾಕು. ಆದರೆ ಆ ಕಡೆ ಕಾಲಿಟ್ಟ ಕೂಡಲೇ ಗಡಿಯಾರದ ಮುಳ್ಳನ್ನು 15 ನಿಮಿಷ ಮುಂದಕ್ಕೆ ತಿರುಗಿಸಬೇಕು. ನೇಪಾಳದ ವೇಳೆ ನಮ್ಮದಕ್ಕಿಂತ ಅಷ್ಟು ಮುಂದಿದೆ. ನಮ್ಮಲ್ಲಿ ವಾರದ ರಜೆ ಭಾನುವಾರ, ಅಲ್ಲಿ ಶನಿವಾರ. ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ರಂದು ಆರಂಭವಾದರೆ ನೇಪಾಳದ ಆರ್ಥಿಕ ವರ್ಷ ಜುಲೈ ಮಧ್ಯದಲ್ಲಿ, ಅವರ ಶ್ರಾವಣ ಮಾಸದ ಮೊದಲ ದಿನ ಆರಂಭವಾಗುತ್ತದೆ. ಕಾಗದಪತ್ರಗಳ ಮೇಲೆ ಬರೆಯುವುದು ವಿಕ್ರಮ ಸಂವತ್ಸರ. ನಮ್ಮಲ್ಲಿ 2017ರ ಜುಲೈ 1ರಿಂದ ಜಿಎಸ್‌ಟಿ. ಅಲ್ಲಿ ಶೇಕಡಾ 13ರ ಮೌಲ್ಯವರ್ಧಿತ ತೆರಿಗೆ.

ಹಣದ ವಿಷಯದಲ್ಲಿ ಮಾತ್ರ ವ್ಯಾಪಾರಿಗಳಿಗೆ ಒಂದು ನೆಮ್ಮದಿಯಿದೆ. 1993ರಿಂದ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ಸ್ಥಿರ ವಿನಿಮಯ ದರ ನಡೆದುಬಂದಿದೆ. ಗಡಿಪೇಟೆಗಳಲ್ಲಿ ದರ ಹೇಳುವಾಗ ‘ಐ.ಸಿ.’ ಅಥವಾ ‘ಎನ್.ಸಿ.’ ಎಂದು ಸೇರಿಸುವುದು ರೂಢಿ. ಮೊದಲನೆಯದು ಭಾರತದ ಹಣ, ಎರಡನೆಯದು ನೇಪಾಳದ ಹಣ. ಈ ಎರಡಕ್ಷರ ಹೇಳದೆ ವ್ಯಾಪಾರ ಕುದುರಿಸಿದರೆ ಜಗಳ ಖಚಿತ. ನೂರಾರು ಮೈಲಿ ದೂರದ ಗಿರಾಕಿಯೊಡನೆ ವ್ಯವಹರಿಸುವ ನಮ್ಮಲ್ಲಿ ಎಷ್ಟೋ ಮಂದಿ ದರದ ಪತ್ರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ, ಸಾಗಣೆ ಯಾರ ಲೆಕ್ಕವೋ ಎಂಬುದನ್ನು ಬರೆಯದೆ ಬಿಟ್ಟು ಆಮೇಲೆ ಪರಿತಪಿಸುವುದುಂಟು. ಇಲ್ಲಿಯವರು ಉಪ್ಪಿನ ಪೊಟ್ಟಣಕ್ಕೂ ಅದನ್ನು ಮೊದಲೇ ಹೇಳಿಬಿಡುತ್ತಾರೆ.

ದರ ಸ್ಥಿರವಾಗಿದ್ದರೂ ನೋಟು ಸ್ಥಿರವಲ್ಲವೆಂಬುದು 2016ರ ನವೆಂಬರ್ 8ರ ರಾತ್ರಿ ತಿಳಿಯಿತು. 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ನಮ್ಮ ದಡದವರಿಗೆ ಬ್ಯಾಂಕಿನ ಸಾಲಾದರೂ ಇತ್ತು. ಭಾರತದ ನೋಟನ್ನು ನಂಬಿ ಮನೆಯಲ್ಲಿಟ್ಟುಕೊಂಡಿದ್ದ ನೇಪಾಳದವರಿಗೆ ಅದನ್ನು ಬದಲಾಯಿಸಿಕೊಳ್ಳುವ ಸುಲಭ ದಾರಿ ಇರಲಿಲ್ಲ. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ 100 ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ಭಾರತೀಯ ನೋಟುಗಳ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ, ಭಾರತದಿಂದ ಕೊಂಡೊಯ್ಯುವ 100 ನೇಪಾಳಿ ರೂಪಾಯಿಗೂ ಮೀರಿದ ಸಾಮಾನಿಗೆ ಸುಂಕ ಕಟ್ಟಬೇಕೆಂಬ ನಿಯಮವನ್ನು ಗಡಿಯುದ್ದಕ್ಕೂ ಬಿಗಿಯಾಗಿ ಜಾರಿಗೊಳಿಸಿತು. ನೂರು ನೇಪಾಳಿ ರೂಪಾಯಿ ಎಂದರೆ ನಮ್ಮ 62 ರೂಪಾಯಿ 50 ಪೈಸೆ. ಮಗಳ ಮನೆಗೆ ಎರಡು ಕಿಲೋ ಸಕ್ಕರೆ ಕೊಂಡೊಯ್ಯುವ ತಾಯಿಯೂ ಈ ನಿಯಮದಂತೆ ಆಮದುದಾರಳೇ.

ಉಭಯ ದೇಶಗಳ ವ್ಯಾಪಾರ ಒಪ್ಪಂದದಂತೆ ಪ್ರಾಥಮಿಕ ಕೃಷಿ ಉತ್ಪನ್ನಗಳಿಗೆ ಪರಸ್ಪರ ಮೂಲ ಸುಂಕದ ವಿನಾಯಿತಿ ಇದೆಯೆಂಬುದು ನಿಜ. ಆದರೆ ದೊಡ್ಡ ಒಪ್ಪಂದಗಳು ಲಾರಿಗಟ್ಟಲೆ ಸರಕನ್ನು ಕುರಿತು ಯೋಚಿಸುತ್ತವೆ. ಧಾರ್ಚೂಲಾದ ವ್ಯಾಪಾರ ನಡೆಯುವುದು ಬೆನ್ನ ಮೇಲೆ, ಕೈಚೀಲದಲ್ಲಿ.

ಮಿತ್ರರ ವ್ಯಾಪಾರ

ನೇಪಾಳದೊಡನೆ ನಡೆಯುವುದು ಈ ಊರಿನ ದಿನದ ವ್ಯಾಪಾರ. ವರ್ಷದ ವ್ಯಾಪಾರವೆಂದರೆ ಟಿಬೆಟ್ಟಿನದು. ಕಾಳಿಯ ಉಗಮದ ಕಡೆಗೆ ಏರಿ, ಗುಂಜಿ ಎಂಬ ಹಳ್ಳಿಯನ್ನು ದಾಟಿ, ಸುಮಾರು 17,000 ಅಡಿ ಎತ್ತರದ ಲಿಪುಲೇಖ್ ಕಣಿವೆ ಹತ್ತಿ ಇಳಿದರೆ ತಕ್ಲಾಕೋಟ್. ಶತಮಾನಗಳ ಕಾಲ ಕುರಿ, ಆಡು, ಹೇಸರಗತ್ತೆಗಳ ಬೆನ್ನ ಮೇಲೆ ಸರಕು ಈ ದಾರಿಯಲ್ಲಿ ಸಾಗಿತು.

ಬ್ಯಾಂಕು, ವಕೀಲ, ನ್ಯಾಯಾಲಯ ಯಾವುದೂ ಇಲ್ಲದ ಆ ದಿನಗಳಲ್ಲಿ ಸಾಲ ಹೇಗೆ ವಸೂಲಾಗುತ್ತಿತ್ತು? ಈ ಗಡಿಭಾಗದ ವ್ಯಾಪಾರಿಗಳಿಗೆ ಟಿಬೆಟ್ಟಿನಲ್ಲಿ ‘ಮಿತ್ರ’ ಎಂದು ಕರೆಯುವ ವಂಶಪಾರಂಪರ್ಯದ ವ್ಯಾಪಾರ ಸಂಗಾತಿಗಳಿರುತ್ತಿದ್ದರು. ತಂದೆಯ ಮಿತ್ರನ ಮಗ ಮಗನಿಗೆ ಮಿತ್ರ. ಒಪ್ಪಂದ ಮಾಡಿಕೊಳ್ಳುವಾಗ ಒಂದು ಕಲ್ಲನ್ನು ಎರಡು ಹೋಳು ಮಾಡಿ ಒಂದೊಂದನ್ನು ಒಬ್ಬೊಬ್ಬರು ಇಟ್ಟುಕೊಳ್ಳುವ ಪದ್ಧತಿ ಇತ್ತೆಂದು ಬ್ರಿಟಿಷ್ ಕಾಲದ ಬರಹಗಳಲ್ಲಿ ದಾಖಲಾಗಿದೆ. ಮುಂದೆ ಹೋಳನ್ನು ತಂದವನು ಯಾರೇ ಆಗಿರಲಿ, ಎರಡೂ ಕೂಡಿಕೊಂಡರೆ ಅವನ ಮಾತೇ ಪ್ರಮಾಣ. ಯಾವ ಎರಡು ಕಲ್ಲೂ ಒಂದೇ ಬಗೆಯಲ್ಲಿ ಒಡೆಯುವುದಿಲ್ಲವೆಂಬ ಸರಳ ಸತ್ಯವೇ ಆ ದಸ್ತಾವೇಜಿನ ಮುದ್ರೆ.

1954ರ ಏಪ್ರಿಲ್‌ನಲ್ಲಿ ಭಾರತ ಮತ್ತು ಚೀನಾ ಮಾಡಿಕೊಂಡ ಒಪ್ಪಂದದಲ್ಲಿ ಲಿಪುಲೇಖ್ ವ್ಯಾಪಾರಿಗಳ ಮತ್ತು ಯಾತ್ರಿಕರ ಮಾರ್ಗವೆಂದು ನಮೂದಾಗಿತ್ತು. 1962ರ ಯುದ್ಧದೊಡನೆ ದಾರಿ ಮುಚ್ಚಿತು. ಮೂವತ್ತು ವರ್ಷ, ಅಂದರೆ ಒಂದು ತಲೆಮಾರಿನ ದುಡಿಮೆಯ ಕಾಲವೆಲ್ಲ, ಮುಚ್ಚಿಯೇ ಇತ್ತು. 1991ರ ಡಿಸೆಂಬರ್‌ನಲ್ಲಿ ಒಡಂಬಡಿಕೆಯಾಗಿ 1992ರಲ್ಲಿ ಮತ್ತೆ ತೆರೆಯಿತು. ಬೇಸಿಗೆಯ ನಾಲ್ಕಾರು ತಿಂಗಳ ಹಂಗಾಮು. ಪರವಾನಗಿ ಪಡೆದ ವ್ಯಾಪಾರಿಗಳು. ನಿಗದಿಪಡಿಸಿದ ಸರಕುಗಳ ಪಟ್ಟಿ. ನಮ್ಮಿಂದ ಬೆಲ್ಲ, ಕಲ್ಲುಸಕ್ಕರೆ, ಬಟ್ಟೆ, ತಂಬಾಕು, ಸಾಂಬಾರ ಪದಾರ್ಥ, ತಾಮ್ರದ ಸಾಮಾನು ಹೋಗುತ್ತಿದ್ದವು. ರಫ್ತಿಗೆ ಒಪ್ಪಿಗೆಯಿದ್ದ ಸರಕುಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ ಬೆಳೆಗಾರರಿಗೆ ಪ್ರಿಯವಾದ ಕಾಫಿಯೂ ಇತ್ತು. ಅಲ್ಲಿಂದ ಬರುವ ಸರಕಿನ ಪಟ್ಟಿಯಲ್ಲಿ ಉಣ್ಣೆ, ಪಶ್ಮೀನಾ, ಕುರಿ, ಆಡು, ಕುದುರೆ, ಉಪ್ಪು, ಬಿಳಿಗಾರ ಮತ್ತು ಯಾಕ್ ಮೃಗದ ಬಾಲ. ದೇವಾಲಯಗಳಲ್ಲಿ ಬೀಸುವ ಚಾಮರಕ್ಕೆ ಬೇಕಾದುದು ಈ ಬಾಲವೇ ಎಂಬುದನ್ನು ನೆನೆದರೆ ಈ ದಾರಿ ನಮ್ಮಿಂದ ಅಷ್ಟೇನೂ ದೂರವಿಲ್ಲ.

ರಸ್ತೆ ಬಂತು, ವ್ಯಾಪಾರ ನಿಂತಿತು

ಹಂಗಾಮು ಮುಗಿದಾಗ ಮಾರಾಟವಾಗದೆ ಉಳಿದ ಸರಕನ್ನು ಮತ್ತೆ ಬೆಟ್ಟ ಹತ್ತಿಸಿ ತರುವುದು ದುಬಾರಿ. ಆದ್ದರಿಂದ ತಕ್ಲಾಕೋಟ್‌ನಲ್ಲಿ ಬಾಡಿಗೆಗೆ ಹಿಡಿದ ಮಳಿಗೆಗಳಲ್ಲಿಯೇ ದಾಸ್ತಾನು ಬಿಟ್ಟು, ಬೀಗ ಹಾಕಿ, ಮುಂದಿನ ವರ್ಷ ಬಂದು ಮಾರುವುದು ಭಾರತದ ವ್ಯಾಪಾರಿಗಳ ರೂಢಿಯಾಗಿತ್ತು. 2019ರ ಹಂಗಾಮಿನ ಕೊನೆಯಲ್ಲಿಯೂ ಹಾಗೆಯೇ ಮಾಡಿ ಇಳಿದು ಬಂದರು. 2020ರಲ್ಲಿ ಕೋವಿಡ್ ಬಂತು. ಲಡಾಖ್ ಗಡಿಯಲ್ಲಿ ಸೈನಿಕ ಸಂಘರ್ಷವಾಯಿತು. ಕಣಿವೆ ಮುಚ್ಚಿತು. ವರ್ಷದ ಮೇಲೆ ವರ್ಷ ಕಳೆದರೂ ದಾರಿ ತೆರೆಯಲಿಲ್ಲ. ಬಂಡವಾಳ ಬೀಗದೊಳಗೆ ಉಳಿಯಿತು. ಬೀಗದ ಕೈ ಮಾತ್ರ ಧಾರ್ಚೂಲಾದಲ್ಲಿ.

ವಿಪರ್ಯಾಸವೆಂದರೆ, ಅದೇ 2020ರ ಮೇ 8ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಧಾರ್ಚೂಲಾದಿಂದ ಲಿಪುಲೇಖ್ ಕಡೆಗಿನ ಮೋಟಾರು ರಸ್ತೆಯನ್ನು ಉದ್ಘಾಟಿಸಿದರು. ಹೇಸರಗತ್ತೆಯ ಬೆನ್ನ ಮೇಲೆ ದಿನಗಟ್ಟಲೆ ಸಾಗಬೇಕಿದ್ದ ಸರಕು ವಾಹನದಲ್ಲಿ ಸಾಗುವ ಕಾಲ ಬಂತು. ವ್ಯಾಪಾರವಿದ್ದಾಗ ರಸ್ತೆಯಿರಲಿಲ್ಲ, ರಸ್ತೆ ಬಂದಾಗ ವ್ಯಾಪಾರವಿರಲಿಲ್ಲ. ರಸ್ತೆ ಹಾದುಹೋಗುವ ಪ್ರದೇಶ ತನ್ನದೆಂದು ನೇಪಾಳ ಆಕ್ಷೇಪಿಸಿ ಅದೇ ತಿಂಗಳು ಹೊಸ ನಕ್ಷೆ ಪ್ರಕಟಿಸಿತು. ಭಾರತ ಅದನ್ನು ಒಪ್ಪಲಿಲ್ಲ. ದೆಹಲಿ ಮತ್ತು ಕಠ್ಮಂಡುವಿನ ಮಾತು ಬಿಸಿಯಾದಾಗಲೆಲ್ಲ ಧಾರ್ಚೂಲಾದ ಸೇತುವೆಯ ಮೇಲೆ ತಪಾಸಣೆಯೂ ಬಿಗಿಯಾಗುತ್ತದೆ.

2025ರ ಬೇಸಿಗೆಯಲ್ಲಿ ಕೈಲಾಸ ಯಾತ್ರೆ ಮತ್ತೆ ಆರಂಭವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಿಪುಲೇಖ್, ಶಿಪ್ಕಿ ಲಾ ಮತ್ತು ನಾಥು ಲಾ ಮಾರ್ಗಗಳಲ್ಲಿ ಗಡಿ ವ್ಯಾಪಾರವನ್ನು ಪುನಃ ತೆರೆಯಲು ಭಾರತ ಮತ್ತು ಚೀನಾ ಒಪ್ಪಿದವು. ಲಿಪುಲೇಖ್ ಕುರಿತು ನೇಪಾಳ ತನ್ನ ಆಕ್ಷೇಪವನ್ನು ಮತ್ತೆ ದಾಖಲಿಸಿತು. ಪುಟ್ಟ ಪೇಟೆಯೊಂದರ ಅದೃಷ್ಟ ಮೂರು ರಾಜಧಾನಿಗಳ ನಡುವೆ ತೂಗುತ್ತಿರುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮಗ್ಗದ ಮೇಲಿನ ಪೆಟ್ಟು

ಕಣಿವೆ ಮುಚ್ಚಿದರೆ ಏಟು ಬೀಳುವುದು ವ್ಯಾಪಾರಿಗೆ ಮಾತ್ರವಲ್ಲ. ರಂಗ್ ಸಮುದಾಯದ ಮಹಿಳೆಯರು ಮನೆಯ ಮಗ್ಗದಲ್ಲಿ ‘ದನ್’ ಎಂಬ ಚಿತ್ತಾರದ ನೆಲಹಾಸು, ‘ಚುಟ್ಕಾ’ ಮತ್ತು ‘ಥುಲ್ಮಾ’ ಎಂಬ ದಪ್ಪ ಕಂಬಳಿಗಳನ್ನು ನೇಯುವುದರಲ್ಲಿ ಹೆಸರಾದವರು. ಟಿಬೆಟ್ಟಿನ ಎತ್ತರದ ಹುಲ್ಲುಗಾವಲಿನ ಕುರಿಯ ಉಣ್ಣೆ ಈ ಕಸುಬಿನ ಜೀವಾಳವಾಗಿತ್ತು. ಕಚ್ಚಾ ಸರಕಿನ ದಾರಿ ಮುಚ್ಚಿದ ಮೇಲೆ ಬಯಲುಸೀಮೆಯಿಂದ ಬರುವ ನೂಲನ್ನು ಅವಲಂಬಿಸಬೇಕಾಯಿತು. ನೂಲು ಬದಲಾದರೆ ನೆಲಹಾಸಿನ ಗುಣ ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಗಿರಾಕಿಯೂ ಬದಲಾಗುತ್ತಾನೆ. ಒಂದೇ ಕಡೆಯಿಂದ ಕಚ್ಚಾ ಸರಕು ತರಿಸುವ ಸಣ್ಣ ಕೈಗಾರಿಕೆಯ ಸದಸ್ಯರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ನದಿಯ ತಕರಾರು

ಗಡಿಯಾಗಿರುವ ನದಿ ಸುಮ್ಮನಿರುವ ಗೆರೆಯಲ್ಲ. 2013ರ ಜೂನ್‌ನಲ್ಲಿ ಉತ್ತರಾಖಂಡವನ್ನು ತತ್ತರಿಸಿದ ಮಹಾಪೂರದಲ್ಲಿ ಕಾಳಿಯೂ ಉಕ್ಕಿತು. ಖಲಂಗಾದಲ್ಲಿ ದಡದ ಮನೆಗಳೂ ಸರ್ಕಾರಿ ಕಟ್ಟಡಗಳೂ ಕೊಚ್ಚಿಹೋದವು. ನಮ್ಮ ಕಡೆ 280 ಮೆಗಾವಾಟ್ ಸಾಮರ್ಥ್ಯದ ಧೌಲಿಗಂಗಾ ಯೋಜನೆಯ ವಿದ್ಯುದಾಗಾರಕ್ಕೆ ನೀರು ನುಗ್ಗಿ ಉತ್ಪಾದನೆ ನಿಂತಿತು. ಅನಂತರ ಎರಡೂ ದಡಗಳಲ್ಲಿ ತಡೆಗೋಡೆ ಕಟ್ಟುವ ಕೆಲಸ ನಡೆಯಿತು. ಆದರೆ ಒಂದು ದಡದಲ್ಲಿ ಗೋಡೆ ಎದ್ದರೆ ನೀರಿನ ಹೊಡೆತ ಇನ್ನೊಂದು ದಡಕ್ಕೆ ಎಂಬ ಭಯ ಸಹಜ. 2022ರ ಡಿಸೆಂಬರ್‌ನಲ್ಲಿ ಭಾರತದ ಕಡೆಯ ತಡೆಗೋಡೆಯ ಕಾಮಗಾರಿಯ ಮೇಲೆ ಆಚೆ ದಡದಿಂದ ಕಲ್ಲು ತೂರಾಟ ನಡೆದು, ಸೇತುವೆಯ ಸಂಚಾರ ಕೆಲಕಾಲ ಸ್ಥಗಿತಗೊಂಡಿತು. ಹಿಂದೊಮ್ಮೆ ವಿಶ್ವಾಸಕ್ಕೆ ಸಾಕ್ಷಿಯಾಗಿದ್ದ ಕಲ್ಲು ಇಲ್ಲಿ ಅವಿಶ್ವಾಸಕ್ಕೆ ಸಾಕ್ಷಿಯಾಯಿತು.

ಆದರೂ ಸೇತುವೆ ಬಹುಕಾಲ ಮುಚ್ಚಿರಲಾರದು. ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದ್ದಾಗಲೂ, ಭಾರತೀಯ ಸೇನೆಯಲ್ಲಿ ದುಡಿದು ನಿವೃತ್ತರಾದ ನೇಪಾಳದ ಗೋರ್ಖಾ ಯೋಧರು ಧಾರ್ಚೂಲಾದ ಬ್ಯಾಂಕಿಗೆ ಬಂದು ಪಿಂಚಣಿ ಪಡೆಯಲೆಂದು ಇದೇ ಸೇತುವೆಯನ್ನು ಆಗೊಮ್ಮೆ ಈಗೊಮ್ಮೆ ತೆರೆಯಲಾಯಿತು. ಪಿಂಚಣಿಯ ಹಣ ಕೈಗೆ ಬಂದ ದಿನ ಪೇಟೆಯಲ್ಲಿ ವ್ಯಾಪಾರವೂ ಆಗುತ್ತದೆ. ಧಾರ್ಚೂಲಾದ ಬಳಿ ವಾಹನಗಳು ಓಡಾಡಬಲ್ಲ ಸೇತುವೆ ನಿರ್ಮಿಸುವ ಒಡಂಬಡಿಕೆಗೆ ಭಾರತದ ಸಚಿವ ಸಂಪುಟ 2022ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಲಾರಿ ದಾಟುವಂತಾದರೆ ಬೆನ್ನ ಮೇಲಿನ ಹೊರೆಯ ವ್ಯಾಪಾರದ ಸ್ವರೂಪವೇ ಬದಲಾಗುತ್ತದೆ. ಸಗಟು ವರ್ತಕರಿಗೆ ಲಾಭ; ತೂಗುಸೇತುವೆಯ ಬಾಯಿಯಲ್ಲಿ ಅಂಗಡಿ ಇಟ್ಟ ಚಿಲ್ಲರೆ ವರ್ತಕರಿಗೆ ಚಿಂತೆ.

ನದಿಯಲ್ಲಿ ಕೆಳಗೆ ಗೋರಿ ನದಿ ಕಾಳಿಯನ್ನು ಕೂಡುವಲ್ಲಿ ಜೌಲಜೀಬಿ ಇದೆ. ಅಸ್ಕೋಟ್‌ನ ಅರಸರ ಕಾಲದಲ್ಲಿ ಆರಂಭವಾದ ಅಲ್ಲಿನ ಜಾತ್ರೆ ಪ್ರತಿ ವರ್ಷ ನವೆಂಬರ್ 14ರಂದು ಮೊದಲಾಗುತ್ತದೆ. ಎರಡೂ ದಡಗಳಲ್ಲಿ ಅಂಗಡಿ ಸಾಲು, ನಡುವೆ ಸೇತುವೆ. ಕುದುರೆ, ಕಂಬಳಿ, ಪಾತ್ರೆ, ತುಪ್ಪ, ಗಿಡಮೂಲಿಕೆಗಳ ವ್ಯಾಪಾರಕ್ಕೆ ಹೆಸರಾದ ಈ ಜಾತ್ರೆಯಲ್ಲಿ ಒಂದೇ ಸಂತೆ ಎರಡು ದೇಶಗಳಲ್ಲಿ ಏಕಕಾಲಕ್ಕೆ ನೆರೆಯುತ್ತದೆ.

ನಮಗೇನು ಪಾಠ?

ಧಾರ್ಚೂಲಾದ ವ್ಯಾಪಾರಿಗಳು ತಮ್ಮ ತಪ್ಪಿನಿಂದ ನಷ್ಟ ಅನುಭವಿಸಿದವರಲ್ಲ. ಅಳತೆ ಸರಿಯಾಗಿತ್ತು, ಸರಕು ಚೆನ್ನಾಗಿತ್ತು, ಗಿರಾಕಿಯೂ ಇದ್ದ. ಮುಚ್ಚಿದ್ದು ಬಾಗಿಲು, ಅದರ ಕೀಲಿ ಅವರ ಕೈಯಲ್ಲಿರಲಿಲ್ಲ. ಪರವಾನಗಿ ಎಂಬುದು ಬಂಡವಾಳವಲ್ಲ, ಅದು ಎರವಲು ಎಂಬುದನ್ನು ಈ ಊರು 1962ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಕಂಡಿತು. ಆದರೂ ಪೇಟೆ ಉಳಿದಿದೆ. ಟಿಬೆಟ್ಟಿನ ದಾರಿ ಮುಚ್ಚಿದಾಗ ನೇಪಾಳದ ಗಿರಾಕಿ, ಆ ಸೇತುವೆ ಮುಚ್ಚಿದಾಗ ಯಾತ್ರಿಕ ಮತ್ತು ಸೈನಿಕ, ಅವರೂ ಇಲ್ಲದಾಗ ಬೆಟ್ಟದ ಹಳ್ಳಿಗಳ ಬೇಡಿಕೆ, ಹೀಗೆ ಒಂದು ಕಾಲು ಕುಂಟಿದರೆ ಇನ್ನೊಂದರ ಮೇಲೆ ನಿಲ್ಲುವುದನ್ನು ಊರು ಕಲಿತುಕೊಂಡಿದೆ.

ನಮ್ಮ ಸದಸ್ಯರಲ್ಲಿ ಯಾರೂ ಹಿಮಾಲಯದ ಕಣಿವೆಯಲ್ಲಿ ಅಂಗಡಿ ಇಟ್ಟಿಲ್ಲ. ಆದರೆ ಒಬ್ಬನೇ ದೊಡ್ಡ ಖರೀದಿದಾರನಿಗೆ ಬಿಡಿಭಾಗ ಪೂರೈಸುವ ಕಾರ್ಖಾನೆ, ಒಂದೇ ದೇಶದಿಂದ ಕಚ್ಚಾ ಸರಕು ತರಿಸುವ ಉದ್ಯಮ, ಒಂದು ಅಧಿಸೂಚನೆಯಿಂದ ನಿಂತುಹೋಗಬಹುದಾದ ರಫ್ತು ವ್ಯವಹಾರ, ಇವೆಲ್ಲವೂ ಒಂದೊಂದು ತೂಗುಸೇತುವೆಯ ಬಾಯಿಯಲ್ಲಿಯೇ ಇವೆ. ನಮ್ಮ ಸೇತುವೆ ಯಾವುದು, ಅದರ ಬಾಗಿಲು ಹಾಕುವವರು ಯಾರು, ಹಾಕಿದ ದಿನ ನಮ್ಮ ದಾಸ್ತಾನು ಯಾವ ದಡದಲ್ಲಿರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ವರ್ಷಕ್ಕೊಮ್ಮೆ, ಲೆಕ್ಕಪತ್ರ ಮುಗಿಸುವ ವೇಳೆಯಲ್ಲಾದರೂ, ಕೇಳಿಕೊಳ್ಳುವುದು ಒಳ್ಳೆಯದು. ಅದರ ಜೊತೆಗೆ ಆಚೆ ದಡದಲ್ಲಿ ನಮಗೊಬ್ಬ ಮಿತ್ರನಿದ್ದಾನೆಯೇ, ಬಾಗಿಲು ಮತ್ತೆ ತೆರೆದ ದಿನ ಕಲ್ಲಿನ ಇನ್ನೊಂದು ಹೋಳನ್ನು ಜೋಪಾನವಾಗಿ ಇಟ್ಟುಕೊಂಡು ಕಾದಿರುತ್ತಾನೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಧಾರ್ಚೂಲಾದ ಪೇಟೆ ಇಷ್ಟು ಕಾಲ ಬಾಳಿರುವುದು ಒಪ್ಪಂದಗಳ ಬಲದಿಂದ ಎನ್ನುವುದಕ್ಕಿಂತ ಅಂತಹ ಮಿತ್ರರ ಬಲದಿಂದ ಎನ್ನುವುದೇ ಸರಿ.